ಲೈನಿನ ಮೂರನೇ ಕಿವಿ

ಅತ್ತೆ,

ನಿಮ್ಮ ಮಂಡಿ ನೋವಿನ ವಿಚಾರ ಕೇಳಲು ಈ ಕಾಗದ ಬರೆಯುತ್ತಿಲ್ಲ. ಒಂಬತ್ತು ದಿನದಿಂದ ನೀವು ನೋಯುವವರ ಹಾಗೆ ನಟಿಸಿದ್ದೀರಿ, ನಾನು ನಂಬಿದವಳ ಹಾಗೆ ನಟಿಸಿದ್ದೇನೆ. ನಡುವೆ ನಿಮ್ಮ ಮಗ ದಿನಾ ಸಂಜೆ ಮುಖ ಆಚೆ ತಿರುಗಿಸಿಕೊಂಡು "ಅಮ್ಮಂಗೆ ಇನ್ನೂ ಕಡಿಮೆ ಆಗಿಲ್ವಂತೆ" ಎಂದು ಹೇಳಿ ಇಬ್ಬರ ಮಾನವನ್ನೂ ಕಾಪಾಡುತ್ತಿದ್ದಾರೆ. ಲಿಫ್ಟ್ ಕೆಟ್ಟ ವಾರದಲ್ಲಿ ಮೂರು ಮಹಡಿಯನ್ನು ನನಗಿಂತ ಬೇಗ ಹತ್ತಿ ಬಂದ ಮಂಡಿ ಅದು. ಸಾಕು ಬಿಡಿ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಮ್ಮ ಮನೆಯ ಇಂಟರ್ನೆಟ್ಟಿಗೆ ಏನಾಗಿತ್ತು ಎಂದು ಕಂಡುಹಿಡಿದೆ. ನಾನೇ ಕಂಡುಹಿಡಿದೆ, ನೀವು ಹೇಳಿಕೊಟ್ಟ ದಾರಿಯಲ್ಲಿ. ಅದನ್ನು ಹುಡುಕುತ್ತಾ ಹೋದಾಗ ನಾನು ನಿಮಗೆ ಮಾಡಿದ ಅನ್ಯಾಯವೂ ಸಿಕ್ಕಿತು. ಎರಡೂ ಒಂದೇ ಜಾಗದಲ್ಲಿ ಕೂತಿದ್ದವು.

ಫೋನ್ ಮಾಡಬಹುದಿತ್ತು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡಿನ ಮುಂದೆ, ಊರೂರಿನ ಕರೆ ಜೋಡಿಸುತ್ತಾ ಇಪ್ಪತ್ತೆಂಟು ವರ್ಷ ಕೂತವರು ನೀವು. "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಿ ಕೇಳಿ, ಜೊತೆಯವರ ಬಾಯಲ್ಲಿ ನಿಮ್ಮ ಹೆಸರೇ ಮೂರ್ನಿಮಿಷ ಎಂದಾಗಿತ್ತಂತೆ. ನಿಮ್ಮ ಮೊಮ್ಮಗಳು ಪುಟ್ಟಿಯ ಬಟ್ಟೆ ಮಡಿಸುತ್ತಾ ನೀವೇ ಒಮ್ಮೆ ಹೇಳಿದ್ದಿರಿ: "ಮಗು ಹುಟ್ತು ಅನ್ನೋರು ಒಂದೇ ನಿಮಿಷಕ್ಕೆ ಮುಗಿಸೋರು. ಜಗಳ ಆಡೋರಿಗೆ ಎರಡು ಸಾಕು. ತಪ್ಪಾಯ್ತು ಅಂತ ಹೇಳೋಕೆ ಫೋನ್ ಮಾಡ್ದೋರು ಮಾತ್ರ ಮೂರು ನಿಮಿಷದಲ್ಲಿ ಮುಗಿಸಿದ್ದನ್ನ ನಾನ್ ಕಂಡಿಲ್ಲಮ್ಮ." ಅದಕ್ಕೇ ಕಾಗದ.

ನನ್ನ ಕೆಲಸ ಏನೆಂದು ವಿವರಿಸಿದ ದಿನ ನೀವು ನಕ್ಕದ್ದು ನೆನಪಿದೆ. ಆಸ್ಪತ್ರೆಯಲ್ಲಿ ಒಂದು ಭಾಷೆಯ ಡಾಕ್ಟರು, ಇನ್ನೊಂದು ಭಾಷೆಯ ರೋಗಿ, ನಡುವೆ ಮೇಜಿನ ಮೇಲೊಂದು ಫೋನು. ಆ ಫೋನಿನೊಳಗೆ ನಾನು. ಮನೆಯ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವುದು. "ಅಯ್ಯೋ, ನಾನ್ ಮಾಡಿದ್ದೂ ಅದೇ ಅಲ್ವೇನೇ! ನಾನು ವೈರ್ ಚುಚ್ತಿದ್ದೆ, ನೀನು ಮಾತು ಚುಚ್ತೀಯ" ಅಂದಿರಿ. ಹೆರಿಗೆ ರಜೆ ಮುಗಿಸಿ ಆ ಕೆಲಸಕ್ಕೆ ಮರಳುವಾಗ ನಾನು ಹೆದರಿದ್ದು ಗೊತ್ತಿದ್ದದ್ದು ನಿಮಗೊಬ್ಬರಿಗೇ. "ಹತ್ತು ಗಂಟೆಗೆ ಬರ್ತೀನಿ, ಮೂರಕ್ಕೆ ಹೋಗ್ತೀನಿ. ಮಗು ನನಗೆ ಬಿಡು, ಕಿವಿ ಮಾತ್ರ ನೆಟ್ಟಗಿಟ್ಕೋ" ಎಂದಿರಿ. ಎರಡು ಬಸ್ ನಿಲ್ದಾಣದಾಚೆಯಿಂದ ಒಂದು ದಿನವೂ ಹತ್ತು ದಾಟಿ ಐದಾಗದ ಹಾಗೆ ಬಂದಿರಿ.

ಹಾಗೆ ಮರಳುವ ಹಿಂದಿನ ವಾರ ನಾನು ಪುಟ್ಟಿಯ ಕೋಣೆಯ ಶೆಲ್ಫಿನ ಮೇಲೆ ಕ್ಯಾಮೆರಾ ಇಟ್ಟೆ. ನಾಲ್ಕನೇ ತಿಂಗಳಲ್ಲಿ ಅವಳಿಗೆ ಜ್ವರ ಬಂದು ಹೋದಾಗಿನಿಂದ ನನಗೆ ನಿದ್ದೆ ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳು ಕಣ್ಣ ಮುಂದಿಲ್ಲದ ಪ್ರತಿ ನಿಮಿಷವೂ ಏನೋ ಆಗಿಹೋಗಿರುತ್ತದೆ ಎಂದೇ ಲೆಕ್ಕ. "ಬರೀ ಪುಟ್ಟಿ ನೋಡೋಕೆ ಅತ್ತೆ" ಎಂದು ನಾನು ಸ್ಟೂಲಿನ ಮೇಲಿಂದ ಹೇಳಿದೆ. ಸ್ಟೂಲನ್ನು ಹಿಡಿದುಕೊಂಡಿದ್ದವರು ನೀವೇ. ಆಗ ನೀವು ಹೇಳಿದ ಮಾತು ನನ್ನ ತಲೆಗೆ ಹೋಗಿರಲಿಲ್ಲ: "ನಮ್ಮ ಸೂಪರ್‌ವೈಸರಮ್ಮ ಹಿಂದಿನ ಮೇಜಿಂದ ನಮ್ಮ ಲೈನಿಗೆ ಕಿವಿ ಹಾಕೋಳು. ಹೇಳ್ತಿರಲಿಲ್ಲ. ಆದ್ರೆ ನಮಗೆ ತಿಳಿಯೋದು. ಲೈನಲ್ಲಿ ಮೂರನೇ ಕಿವಿ ಕೂತ ತಕ್ಷಣ ದನಿ ತೆಳ್ಳಗಾಗೋದು." ನಾನು "ಹೌದಾ ಅತ್ತೆ?" ಎಂದು ಸ್ಕ್ರೂ ತಿರುಗಿಸುತ್ತಿದ್ದೆ.

ಮೊದಲ ಎರಡು ವಾರ ಚೆನ್ನಾಗಿಯೇ ಇತ್ತು, ಅಥವಾ ಚೆನ್ನಾಗಿದೆ ಎಂದುಕೊಂಡಿದ್ದೆ. ಮೂರನೇ ವಾರ ಮುದುಕರೊಬ್ಬರ ಕರೆ ಬಂತು. ಡಾಕ್ಟರು "ಮಲಗಿದಾಗ ಉಸಿರು ಕಟ್ಟುತ್ತಾ?" ಎಂದು ಕೇಳಿದರು. ಮುದುಕರು ಇಲ್ಲ ಎಂದರು. ನಾನು ಇಲ್ಲ ಎಂದೆ. ನನ್ನ 'ಇಲ್ಲ' ಡಾಕ್ಟರ ಕಿವಿಗೆ ತಲುಪುವ ಹೊತ್ತಿಗೆ ಅವರು ಕಾದು ಕಾದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದರು: "ಈ ಮಾತ್ರೆ ತಗೊಂಡಾಗ ಮೈ ಮೇಲೆ ಗಂಧೆ ಎದ್ದಿದ್ದುಂಟಾ?" ಹಿಂದಿನ ಪ್ರಶ್ನೆಯ ಉತ್ತರ ಮುಂದಿನ ಪ್ರಶ್ನೆಯ ಮೇಲೆ ಬಿತ್ತು. ಡಾಕ್ಟರು ಜಾಗ್ರತೆಯವರು, ಬರೆಯುವ ಮೊದಲು ಇನ್ನೊಮ್ಮೆ ಕೇಳಿದರು. ಎದ್ದಿತ್ತು, ಮೈತುಂಬ ಎದ್ದಿತ್ತು. ಆ ದಿನ ನಾನು ಊಟ ಬಿಟ್ಟದ್ದಕ್ಕೆ ನೀವು ಬೈದಿರಿ, ನಾನು ಕಾರಣ ಹೇಳಿರಲಿಲ್ಲ. ಆ ಕರೆಯ ಬಗ್ಗೆ ಆಸ್ಪತ್ರೆಯಿಂದ ಬಂದದ್ದು ಮೊದಲ ದೂರು. ಮೂರನೆಯದು ಬಂದಾಗ ನಮ್ಮ ಮೇಲಿನ ಮೇಡಂ ಕರೆದು ಹೇಳಿದರು: "ನಿನ್ನ ಭಾಷೆ ಬಗ್ಗೆ ನನಗೆ ಅನುಮಾನ ಇಲ್ಲಮ್ಮ, ನಿನ್ನ ಲೈನ್ ಬಗ್ಗೆ. ತಿಂಗಳ ಕೊನೆಯೊಳಗೆ ಸರಿ ಮಾಡ್ಕೋ. ಇಲ್ಲಾಂದ್ರೆ ನೇರ ಕರೆ ಬಿಡಿಸಿ ಬರವಣಿಗೆಗೆ ಹಾಕ್ಬೇಕಾಗುತ್ತೆ."

ಕಾಗದಪತ್ರ ಅನುವಾದಿಸುವ ಬರವಣಿಗೆಯೂ ಕೆಲಸವೇ. ಆದರೆ ಗಾಬರಿಯಾದ ಮನುಷ್ಯನ ಕಿವಿಯಲ್ಲಿ ಅವನದೇ ಭಾಷೆ ಬಿದ್ದಾಗ ಅವನು ಬಿಡುವ ಉಸಿರನ್ನು ಕೇಳಿಸಿಕೊಂಡವಳು ನಾನು. ಆ ಉಸಿರಿಗೋಸ್ಕರವೇ ಮರಳಿದ್ದೆ. ಬಿಟ್ಟುಕೊಡುವವಳಲ್ಲ.

ತೊಂದರೆಯನ್ನು ಮೊದಲು ಹೆಸರಿಟ್ಟು ಹೇಳಿದವರು ನೀವು. ಗೋಡೆಯಾಚೆಯಿಂದ ಕೇಳಿಸಿಕೊಂಡು ಊಟದ ಹೊತ್ತಿಗೆ ಹೇಳಿದಿರಿ: "ನೀನು ಹೇಳಿ ಮುಗಿಸಿ ಕಾಯ್ತೀಯ. ಆ ಕಡೆಯೋರೂ ಕಾಯ್ತಾರೆ. ಆಮೇಲೆ ಇಬ್ರೂ ಒಟ್ಟಿಗೆ ಶುರು ಹಚ್ಕೋತೀರ. ಕಡಲಾಚೆ ಕರೆಗಳು ಹೀಗೇ ಇರ್ತಿದ್ವು." ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಕೂತ ಜಾಗದಿಂದ ಶುರು ಮಾಡ್ಬೇಕು. ಮೊದ್ಲು ನಿನ್ನ ಹೆಡ್‌ಫೋನ್. ಆಮೇಲೆ ನಿನ್ನ ಬೋರ್ಡು. ಆಮೇಲೆ ಪಕ್ಕದ ಎಕ್ಸ್‌ಚೇಂಜು. ಪಕ್ಕದೋರನ್ನ ಬೈಯೋ ಮುಂಚೆ ನಿನ್ನ ಬೋರ್ಡ್ ಸರಿಯಾಗಿ ನೋಡ್ಕೊಂಡಿರ್ಬೇಕು, ಇಲ್ಲಾಂದ್ರೆ ಮರ್ಯಾದೆ ಹೋಗುತ್ತೆ."

ಹಾಗೆಯೇ ಮಾಡಿದೆ. ಹೆಡ್‌ಫೋನ್ ಬದಲಾಯಿಸಿದೆ. ಗಾಳಿಯಲ್ಲಿ ಬರುವ ವೈಫೈ ಬೇಡವೆಂದು ಹಾಲ್‌ನ ಮೂಲೆಯಲ್ಲಿ ಮಿಣುಕುವ ರೂಟರ್ ಪೆಟ್ಟಿಗೆಯಿಂದ ನನ್ನ ಮೇಜಿನವರೆಗೆ ಉದ್ದನೆಯ ಕೇಬಲ್ ಎಳೆದೆ. ನೀವು ಅದನ್ನು ಎರಡು ಸಲ ಎಡವಿ, ಮೂರನೇ ಸಲ ಮ್ಯಾಟ್ ತಂದು ಮುಚ್ಚಿದಿರಿ. ಆಮೇಲೆ ಪಿಂಗ್ ಹಾಕಿದೆ. ಲೈನಿನ ಈ ತುದಿಯಿಂದ ಹಲೋ ಅಂದು, ಆ ತುದಿಯವರು ಹಲೋ ಅನ್ನುವವರೆಗೆ ನೀವು ಎಣಿಸುತ್ತಿದ್ದಿರಲ್ಲ, ಅದೇ ಅದು. ಕಂಪ್ಯೂಟರು ಸೆಕೆಂಡಿಗೊಂದು ಹಲೋ ಕಳಿಸಿ, ಮರಳಿ ಬರಲು ಹಿಡಿದ ಹೊತ್ತನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಬರೆಯುತ್ತಾ ಹೋಗುತ್ತದೆ. ಹದಿಮೂರು, ಹದಿನಾಲ್ಕು, ಹದಿಮೂರು ಎಂದು ಬರುತ್ತಿದ್ದರೆ ಲೈನು ಆರೋಗ್ಯವಾಗಿದೆ. ಆದರೆ ಹಾಗೆ ಬರುತ್ತಿರುವಾಗಲೇ ಇದ್ದಕ್ಕಿದ್ದ ಹಾಗೆ ಆರುನೂರು, ಒಂಬೈನೂರು, ಸಾವಿರದ ಇನ್ನೂರು. ಅರ್ಧ ನಿಮಿಷ ಹಾಗೇ ಇದ್ದು ಮತ್ತೆ ಏನೂ ಆಗದವರ ಹಾಗೆ ಹದಿಮೂರು.

ಪುಟ್ಟಿ ಹಾಲು ಕುಡಿದ ಹೊತ್ತು ಬರೆಯುವ ಪುಸ್ತಕದಲ್ಲೇ ಪಕ್ಕದಲ್ಲಿ ಗೆರೆ ಎಳೆದು ಇದನ್ನೂ ಬರೆಯತೊಡಗಿದೆ. ಮಕ್ಕಳ ಡಾಕ್ಟರು ಆ ಪುಸ್ತಕ ತೆರೆದು, "ಇದೇನು, ಮಗು ಹತ್ತೂ ಇಪ್ಪತ್ತಕ್ಕೆ ಸಾವಿರದ ಇನ್ನೂರು ಕುಡಿದಿದೆ?" ಎಂದು ಕನ್ನಡಕ ತೆಗೆದದ್ದನ್ನು ನಿಮಗೆ ಹೇಳಿದಾಗ ನೀವು ಕಣ್ಣೀರು ಬರುವ ಹಾಗೆ ನಕ್ಕಿರಿ.

ನನ್ನ ಮೇಜಿನಿಂದ ಪೆಟ್ಟಿಗೆಯವರೆಗೆ ಹಲೋ ಯಾವಾಗಲೂ ಒಂದೇ ಮಿಲಿಸೆಕೆಂಡಿಗೆ ಹೋಗಿ ಬರುತ್ತಿತ್ತು. ಪೆಟ್ಟಿಗೆ ದಾಟಿದ ಕೂಡಲೇ ಕೆಡುತ್ತಿತ್ತು. ಹಾಗಾದರೆ ತಪ್ಪು ಕಂಪನಿಯದು ಎಂದು ತೀರ್ಪು ಕೊಟ್ಟೆ. ಪೆಟ್ಟಿಗೆಯ ಆಚೆ ಬಾಗಿಲಲ್ಲೇ ಸಾಲು ನಿಂತಿರಬಹುದು ಎಂದು ಹೊಳೆಯಲಿಲ್ಲ. ಕಂಪನಿಯವನು ಬಂದ ದಿನ ನೀವೂ ಇದ್ದಿರಿ. ಕೂದಲೆಳೆಯಂಥ ಗಾಜಿನ ತಂತಿಗೆ ಮೀಟರ್ ಸಿಕ್ಕಿಸಿ "ಬೆಳಕು ಚೆನ್ನಾಗಿ ಬರ್ತಿದೆ ಮೇಡಂ" ಎಂದ. ನೀವು ಬಗ್ಗಿ ನೋಡಿ, "ನಮ್ಮ ಕಾಲದಲ್ಲಿ ತಾಮ್ರ ಇತ್ತಪ್ಪ, ಕಳ್ಳರು ಕದಿಯೋರು. ಇದನ್ನ ಯಾರು ಮುಟ್ತಾರೆ?" ಎಂದಿರಿ. ಅವನು ವೇಗ ಅಳೆದು "ನೂರಕ್ಕೆ ನೂರು ಬರ್ತಿದೆ, ಇನ್ನೇನ್ ಬೇಕು?" ಎಂದ. ನಾನು ಬಿಡಲಿಲ್ಲ. "ರಸ್ತೆ ಎಷ್ಟು ಅಗಲ ಇದೆ ಅಂತ ನೀವು ಹೇಳ್ತಿದೀರಿ, ಗೇಟಲ್ಲಿ ಎಷ್ಟು ಹೊತ್ತು ನಿಲ್ಬೇಕು ಅಂತ ನಾನು ಕೇಳ್ತಿದೀನಿ" ಎಂದೆ. ಅವನು ಶೂ ಹಾಕಿಕೊಳ್ಳುತ್ತಾ, "ಒಳಗೆ ಬರೋದು ನೂರಿದೆ ಮೇಡಂ, ಹೊರಗೆ ಹೋಗೋದು ಹತ್ತೇ. ಮನೆಯಿಂದ ದೊಡ್ಡದೇನಾದ್ರೂ ಕಳಿಸ್ತಿದೀರಾ ನೋಡ್ಕೊಳಿ" ಎಂದು ಇಳಿದು ಹೋದ. ಅವನು ನುಣುಚಿಕೊಂಡ ಎಂದು ನಿಮ್ಮೆದುರೇ ಬೈದೆ. ಅವನು ಹೇಳಿದ್ದು ನಿಜವಿತ್ತು. ಪಕ್ಕದವರನ್ನು ಬೈಯುವ ಮುಂಚೆ ನನ್ನ ಬೋರ್ಡನ್ನು ಅರ್ಧವಷ್ಟೇ ನೋಡಿಕೊಂಡಿದ್ದೆ.

ಇನ್ನು ಆ ಮಂಗಳವಾರದ ವಿಷಯ. ಎರಡು ಕರೆಗಳ ನಡುವೆ ನಾನು ಮೊಬೈಲಿನಲ್ಲಿ ಕ್ಯಾಮೆರಾ ತೆರೆದೆ. ಒಪ್ಪಿಕೊಳ್ಳುತ್ತೇನೆ, ದಿನಕ್ಕೆ ನಲವತ್ತು ಸಲ ತೆರೆಯುತ್ತಿದ್ದೆ. ಪುಟ್ಟಿ ಮಂಚದ ಅಂಚಿನಲ್ಲಿ ಒಬ್ಬಳೇ ಕಾಲು ಒದೆಯುತ್ತಾ ಮಲಗಿದ್ದಳು. ನೀವು ಇರಲಿಲ್ಲ. ಆಮೇಲೆ ನನಗೆ ನೆನಪಿರುವುದು ಬಾಗಿಲು ಗೋಡೆಗೆ ಬಡಿದ ಸದ್ದು. ನೀವು ಮಂಚದ ಮೇಲೆ ಕೂತಿದ್ದಿರಿ, ಪುಟ್ಟಿ ನಿಮ್ಮ ತೊಡೆಯ ಮೇಲಿದ್ದಳು, ಅವಳಿಗೆ ಒಣಗಿದ ಬಟ್ಟೆ ಹಾಕುತ್ತಿದ್ದಿರಿ. ಕಣ್ಣೆದುರು ಅದನ್ನು ನೋಡಿಯೂ ನಾನು ಕೇಳಿದೆ: "ಮಗೂನ ಅಂಚಲ್ಲಿ ಬಿಟ್ಟು ಎಲ್ಲಿ ಹೋಗಿದ್ರಿ?"

"ಎಲ್ಲೂ ಹೋಗಿಲ್ಲಮ್ಮ. ಇಲ್ಲೇ ಇದ್ದೀನಿ."

"ಸುಳ್ಳು ಹೇಳ್ಬೇಡಿ. ನಾನು ನೋಡ್ದೆ."

ನೀವು ತಲೆ ಎತ್ತಿ ಶೆಲ್ಫಿನ ಕಡೆ ಒಮ್ಮೆ ನೋಡಿದಿರಿ. "ಓ, ನೋಡ್ದ್ಯಾ" ಎಂದಿರಿ, ಅಷ್ಟೇ. ಪುಟ್ಟಿಯ ಅಂಗಿಯ ಗುಂಡಿಗಳನ್ನು ಒಂದೂ ಬಿಡದೆ ಹಾಕಿ ಅವಳನ್ನು ನನ್ನ ಕೈಗೆ ಕೊಟ್ಟಿರಿ. ಮೂರು ಗಂಟೆಯವರೆಗೂ ಇದ್ದು, ಪಾತ್ರೆ ಒರೆಸಿಟ್ಟು ಹೋದಿರಿ. ಮರುದಿನ ಮಂಡಿ ನೋವು ಬಂತು.

ಇವರು ಅರ್ಧ ದಿನದ ರಜೆಗಳನ್ನು ಹಾಕಿ ಪುಟ್ಟಿಯನ್ನು ನೋಡಿಕೊಂಡರು. ಹಾಲ್‌ನಲ್ಲಿ ಆಡಿಸುತ್ತಿದ್ದರು, ಸಾಕಾದರೆ ಕೆಳಗಿನ ರಸ್ತೆಯಲ್ಲಿ ಸುತ್ತಿಸಿಕೊಂಡು ಬರುತ್ತಿದ್ದರು. ಆಗ ಒಂದು ವಿಚಿತ್ರ ಕಂಡಿತು. ಲೈನು ಸರಿಯಾಯಿತು. ಬುಧವಾರ ಹದಿಮೂರು, ಗುರುವಾರ ಹದಿಮೂರು, ಶುಕ್ರವಾರವೂ ಹದಿಮೂರು. ಪುಸ್ತಕ ಹಿಂದಕ್ಕೆ ತಿರುಗಿಸಿ ನೋಡಿದೆ. ತೊಂದರೆ ಶುರುವಾಗುತ್ತಿದ್ದದ್ದು ಹತ್ತರ ಮೇಲೆ, ನಿಲ್ಲುತ್ತಿದ್ದದ್ದು ಮೂರಕ್ಕೆ. ಇವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಮ್ಮಂಗೂ ಇಂಟರ್ನೆಟ್ಟಿಗೂ ಆಗಿಬರಲ್ಲ ಅಂತಾಯ್ತು" ಎಂದು ತಮಾಷೆ ಮಾಡಿದರು. ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ಗಳಿಗೆ ನಾನೂ ಅದನ್ನೇ ಯೋಚಿಸಿದೆ. ಅತ್ತೆ ಬಂದು ಯಾವ ಸ್ವಿಚ್ ಹಾಕುತ್ತಾರೆ, ಯಾವ ವೈರ್ ಮುಟ್ಟುತ್ತಾರೆ ಎಂದು. ಆಮೇಲೆ ತಲೆಗೆ ಬಂತು. ನನ್ನ ಕೆಲಸದ ಹೊತ್ತಿನಲ್ಲಿ ಪುಟ್ಟಿಯ ಕೋಣೆಯಲ್ಲಿ ಏನಾದರೂ ಅಲುಗಾಡುತ್ತಿದ್ದದ್ದು ನೀವು ಇದ್ದಾಗ ಮಾತ್ರ.

"ಪುಟ್ಟಿ ಕೋಣೆಗೆ ಹೋಗಿ ಕುಣೀರಿ" ಎಂದು ಇವರಿಗೆ ಹೇಳಿದೆ. "ಏನು?" ಎಂದರು. "ಕುಣೀರಿ ಅಂದ್ರೆ ಕುಣೀರಿ, ಕಾರಣ ಆಮೇಲೆ." ಪುಟ್ಟಿಯನ್ನು ನನ್ನ ತೊಡೆಗೆ ಹಾಕಿ ಹೋದರು ಪಾಪ. ಹದಿಮೂರು, ಹದಿಮೂರು. ಗೋಡೆಯಾಚೆ ಧಡ್ ಧಡ್ ಶುರುವಾಯಿತು. ನಾನೂರು. ಎಂಟುನೂರು. ಸಾವಿರ. "ನಿಲ್ಸಿ!" ಎಂದೆ. ಸ್ವಲ್ಪ ಹೊತ್ತಿಗೆ ಹದಿಮೂರು. "ಮತ್ತೆ ಕುಣೀರಿ!" ಸಾವಿರದ ನೂರು. ಕೆಳಗಿನ ಮನೆಯವರು ಕೋಲಿನಲ್ಲಿ ಛಾವಣಿ ತಟ್ಟುವವರೆಗೆ ನಿಮ್ಮ ಮಗನನ್ನು ಐದು ಸಲ ಕುಣಿಸಿದೆ. ಮದುವೆಯಾದ ಮೇಲೆ ನನ್ನ ಮಾತನ್ನು ಅವರು ಇಷ್ಟು ಕೇಳಿದ್ದು ಇದೇ ಮೊದಲು.

ಆ ಕ್ಯಾಮೆರಾ ಏನೂ ಅಲುಗದಿದ್ದರೆ ಸುಮ್ಮನಿರುತ್ತದೆ. ನೀವು ನಡೆದರೆ, ಪುಟ್ಟಿಯನ್ನು ಎತ್ತಿಕೊಂಡರೆ, ಕಿಟಕಿ ಪರದೆ ಸರಿಸಿದರೆ ಎಚ್ಚರಾಗಿ ಚಿತ್ರವನ್ನೆಲ್ಲ ದೂರದ ಯಾವುದೋ ಕಂಪ್ಯೂಟರಿಗೆ ಕಳಿಸುತ್ತದೆ. ಪುಟ್ಟಿಯ ಉಸಿರೂ ಕಾಣಬೇಕು ಎಂದು ಅತಿ ದೊಡ್ಡ ಚಿತ್ರಕ್ಕೆ ಇಟ್ಟಿದ್ದವಳು ನಾನು. ಹೊರಗೆ ಹೋಗುವ ಬಾಗಿಲು ಕಿರಿದು. ನಮ್ಮ ಪೆಟ್ಟಿಗೆ ಬಲು ಸಾಧು, ಯಾರನ್ನೂ ವಾಪಸ್ ಕಳಿಸುವುದಿಲ್ಲ, ಬಂದವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತದೆ. ಆ ದೊಡ್ಡ ಚಿತ್ರಗಳ ಹಿಂದೆ ನನ್ನ ದನಿ ನಿಂತು ಕಾಯುತ್ತಿತ್ತು. ನೀವು ಹೇಳಿದ್ದಿರಲ್ಲ ಅತ್ತೆ, ಮೂರನೇ ಕಿವಿ ಕೂತರೆ ದನಿ ತೆಳ್ಳಗಾಗುತ್ತದೆ ಎಂದು. ಆ ಕಿವಿಯನ್ನು ನಿಮ್ಮ ಮೇಲೆ ಕೂರಿಸಿದವಳು ನಾನು, ದನಿ ತೆಳ್ಳಗಾದದ್ದೂ ನನ್ನದೇ.

ಇಷ್ಟಕ್ಕೇ ನಿಂತಿದ್ದರೆ ನಿಮಗೆ ಫೋನ್ ಮಾಡಿ ನಗುತ್ತಿದ್ದೆ. ಆದರೆ ಕೂತ ಜಾಗದಿಂದ ಶುರು ಮಾಡಿದ ಮೇಲೆ ಕೊನೆಯವರೆಗೂ ಹೋಗಲೇಬೇಕು. ಆ ಕೋಣೆಯಿಂದ ನನ್ನ ಕೋಣೆಗೆ ಹತ್ತು ಹೆಜ್ಜೆ. ಚಿತ್ರ ಮಾತ್ರ ಊರೆಲ್ಲ ಸುತ್ತಿ ನನ್ನ ಮೊಬೈಲಿಗೆ ಬರುತ್ತದೆ. ಹಾಗಾದರೆ ನಾನು ನೋಡುತ್ತಿದ್ದದ್ದು ಯಾವ ಹೊತ್ತಿನದು? ಗೋಡೆ ಗಡಿಯಾರ ಕೆಳಗಿಳಿಸಿ ಇವರ ಕೈಗೆ ಕೊಟ್ಟು, ಕ್ಯಾಮೆರಾ ಮುಂದೆ ಆಡಿಸುತ್ತಾ ಹಿಡಿಯಿರಿ ಎಂದೆ. ಮೊಬೈಲನ್ನು ಗಡಿಯಾರದ ಪಕ್ಕದಲ್ಲೇ ಇಟ್ಟು ನೋಡಿದೆ. ಮೊಬೈಲಿನ ಚಿತ್ರದಲ್ಲಿ ಗಡಿಯಾರದ ಮುಳ್ಳು ಇಪ್ಪತ್ತೆರಡು ಸೆಕೆಂಡು ಹಿಂದಿತ್ತು. ಇನ್ನೊಮ್ಮೆ ನೋಡಿದೆ, ಇಪ್ಪತ್ತಾರು.

ಅಲ್ಲೇ ಮಂಚದ ಮೇಲೆ ಕೂತೆ. "ಏನಾಯ್ತು?" ಎಂದು ಇವರು ಗಡಿಯಾರ ಎದೆಗವಚಿಕೊಂಡು ನಿಂತಿದ್ದರು. 'ನಾನು ನೋಡ್ದೆ' ಎಂದಿದ್ದೆನಲ್ಲ. ನಾನು ನೋಡಿದ್ದು ಆಗಲೇ ಮುಗಿದುಹೋಗಿದ್ದ ಗಳಿಗೆಯನ್ನು.

ಹಳೆಯ ಚಿತ್ರಗಳು ಹದಿನೈದು ದಿನ ಉಳಿದಿರುತ್ತವೆ. ಆ ಮಂಗಳವಾರವನ್ನು ಹುಡುಕಿ ತೆಗೆದೆ, ಮೊಬೈಲಿನಲ್ಲಲ್ಲ, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ. ನೀವು ಒದ್ದೆ ಬಟ್ಟೆ ಬಿಚ್ಚಿದಿರಿ. ಒಣಗಿದ್ದು ಶೆಲ್ಫಿನಲ್ಲಿತ್ತು, ಕ್ಯಾಮೆರಾದ ಕೆಳಗೇ. ಅದನ್ನು ತೆಗೆಯಲು ಎದ್ದು ಚಿತ್ರದಿಂದ ಮರೆಯಾದಿರಿ. ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿನಲ್ಲಿ ಚಿತ್ರದ ಕೆಳಗಿನ ಮೂಲೆಯಲ್ಲಿ ಒಂದು ಕೈ ಇದೆ. ಎಡಗೈ, ಹಸಿರು ಬಳೆಯದು. ಪುಟ್ಟಿಯ ಕಾಲನ್ನು ಹಿಡಿದುಕೊಂಡಿದೆ. ಬಲಗೈಯನ್ನು ಶೆಲ್ಫಿಗೆ ಚಾಚಿ, ಮೈಯನ್ನು ಅಷ್ಟುದ್ದ ಎಳೆದುಕೊಂಡು, ಒಂದು ಕೈಯನ್ನು ನೀವು ಮಗುವಿನ ಮೇಲಿಂದ ತೆಗೆದೇ ಇಲ್ಲ. ಅವಳು ಒದೆಯುತ್ತಿದ್ದದ್ದು ನಿಮ್ಮ ಕೈಯನ್ನು. ಪುಟಾಣಿ ಪರದೆಯಲ್ಲಿ ಆ ಕೈ ಹಾಸಿಗೆಯ ಸುಕ್ಕಿನ ಹಾಗೆ ಕಂಡಿತ್ತು. ದನಿಯೂ ಇದೆ. "ತಾಳಿ ಮೇಡಂ, ಲೈನಲ್ಲೇ ಇರಿ, ಈಗ ಕನೆಕ್ಟ್ ಮಾಡ್ತೀನಿ" ಎಂದು ಅವಳಿಗೆ ಹೇಳುತ್ತಿದ್ದೀರಿ. ಅವಳು ಕಿಲಕಿಲ ನಗುತ್ತಿದ್ದಾಳೆ. ನೀವು ಬಟ್ಟೆ ತಂದು ಅವಳನ್ನು ತೊಡೆಗೆ ಹಾಕಿಕೊಂಡ ಮೇಲೆ ಬಾಗಿಲು ಬಡಿಯುತ್ತದೆ.

ನಾನು ಅಲ್ಲಿಗೆ ನಿಲ್ಲಿಸಿದೆ. ಮುಂದಿನದನ್ನು ನೋಡುವ ಧೈರ್ಯ ಇರಲಿಲ್ಲ.

ಈಗ ಏನು ಮಾಡಿದ್ದೇನೆ ಎಂದು ಹೇಳಿಬಿಡುತ್ತೇನೆ. ಪೆಟ್ಟಿಗೆಯ ಒಳಗೆ ಹೋಗಿ, ದನಿಯನ್ನು ಮೊದಲು ಬಿಡಬೇಕು, ಉಳಿದದ್ದು ಆಮೇಲೆ ಎಂದು ಸೆಟ್ಟಿಂಗ್ ಬದಲಾಯಿಸಿದೆ. ಕಂಪನಿಯವನಿಗೆ ಫೋನ್ ಮಾಡಿ, "ನೀವು ಹೇಳಿದ್ದು ಸರಿ ಇತ್ತು" ಎಂದೆ. ಅವನು ಗಾಬರಿಯಾಗಿ "ಮೇಡಂ, ಕಂಪ್ಲೇಂಟಾ?" ಎಂದು ಕೇಳಿದ. ಶನಿವಾರ ಇಡೀ ದಿನ ಹದಿನೇಳು ಕರೆ ನಿಭಾಯಿಸಿದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳಲಿಲ್ಲ. ನಿನ್ನೆ ಮೇಡಂ "ನೇರ ಕರೆಯಲ್ಲೇ ಇರು, ಯಾರನ್ನ ಹಿಡಿದು ಸರಿ ಮಾಡಿಸ್ದೆ?" ಎಂದು ಕೇಳಿದರು. "ನಮ್ಮತ್ತೆ ಹೇಳಿಕೊಟ್ರು, ನಾನು ಮಾಡ್ದೆ" ಎಂದೆ. ಎರಡೂ ನಿಜ.

ಕ್ಯಾಮೆರಾವನ್ನು ತೆಗೆದು ಡ್ರಾಯರಿಗೆ ಹಾಕಿದ್ದೇನೆ. "ಚಿತ್ರ ಸಣ್ಣದು ಮಾಡಿದ್ರೆ ಸಾಕಿತ್ತಲ್ಲ, ತೆಗೆಯೋದ್ಯಾಕೆ?" ಎಂದು ಇವರು ಕೇಳಿದರು. ಲೈನಿಗಾದರೆ ಸಾಕಿತ್ತು. ನನ್ನ ಭಯ ಹೋಗಿಲ್ಲ ಅತ್ತೆ, ಅದು ಹೋಗುವ ಜಾತಿಯದಲ್ಲ. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಪ್ಪತ್ತೆರಡು ಸೆಕೆಂಡು ಹಳೆಯ ಮಗುವನ್ನು ಕಾಯುವುದು ಬೇಡ ಎಂದು ನಿರ್ಧಾರ ಮಾಡಿದ್ದೇನೆ. ಭಯವಾದಾಗ ಎದ್ದು ಹತ್ತು ಹೆಜ್ಜೆ ಬಂದು, ಬಾಗಿಲು ಮೆಲ್ಲಗೆ ತಳ್ಳಿ, ಏನು ಮಾಡ್ತಿದೀರಿ ಎಂದು ಕೇಳುತ್ತೇನೆ. ನೀವು "ಹೋಗೇ, ಕೆಲಸ ನೋಡು" ಎಂದು ಬೈದರೆ ಹೋಗುತ್ತೇನೆ.

ಸೋಮವಾರ ಇವರ ರಜೆ ಮುಗಿಯುತ್ತದೆ. ಅದಕ್ಕಾಗಿ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಮಗು ನೋಡಿಕೊಳ್ಳುವವರೊಬ್ಬರ ವಿಳಾಸ ಸಿಕ್ಕಿದೆ, ಒಳ್ಳೆಯವರಂತೆ, ನೀವು ಬಾರದಿದ್ದರೆ ಅವರು ಬರುತ್ತಾರೆ. ನಾನು ಕೆಲಸವನ್ನೂ ಬಿಡುವುದಿಲ್ಲ, ಮನೆಯನ್ನೂ ನಡೆಸುತ್ತೇನೆ. ಕರೆಯುತ್ತಿರುವುದು ಯಾಕೆಂದರೆ, ಸುಳ್ಳು ಹೇಳಬೇಡಿ ಎಂದು ನಾನು ಹೇಳಿದ್ದು ಸುಳ್ಳು ಹೇಳದವರಿಗೆ. ಅದು ಆ ಕೋಣೆಯಲ್ಲೇ ಆದದ್ದು, ಅಲ್ಲಿಯೇ ನಿಮ್ಮ ಮುಖ ನೋಡಿ ತಪ್ಪಾಯಿತು ಎನ್ನಬೇಕು. ಕಾಗದದಲ್ಲಿ ಬರೆದರೆ ಅರ್ಧ ಮಾತ್ರ ಆಗುತ್ತದೆ. ಅರ್ಧವನ್ನು ಇಲ್ಲಿ ಹೇಳಿದ್ದೇನೆ, ತಪ್ಪಾಯಿತು ಅತ್ತೆ, ಹೊಟ್ಟೆಗೆ ಹಾಕಿಕೊಳ್ಳಿ.

ಇದನ್ನು ಓದಲು ಮೂರು ನಿಮಿಷ ದಾಟಿರುತ್ತದೆ. ನೀವು ನಡುವೆ ಬಂದು ಮುಂದುವರಿಸ್ತೀರಾ ಎಂದು ಕೇಳಿದಿರಿ ಎಂದೇ ಭಾವಿಸುತ್ತೇನೆ. ಹೌದು, ಮುಂದುವರಿಸುತ್ತೇನೆ. ಸೋಮವಾರ ಹತ್ತು ಗಂಟೆಗೆ ಪುಟ್ಟಿಯೂ ನಾನೂ ಮೆಟ್ಟಿಲ ಬಳಿ ನಿಂತಿರುತ್ತೇವೆ. ಹತ್ತೂ ಐದರವರೆಗೆ ಕಾಯುತ್ತೇನೆ, ಆಮೇಲೆ ಅವಳನ್ನು ಎತ್ತಿಕೊಂಡು ನಾನೇ ಬಸ್ಸು ಹತ್ತುತ್ತೇನೆ.

ನಿಮ್ಮ ಮಂಡಿ ನೋವು ನಿಜವಾಗಿದ್ದರೆ ಬೇಗ ವಾಸಿಯಾಗಲಿ. ಸುಳ್ಳಾಗಿದ್ದರೆ ಸೋಮವಾರದೊಳಗೆ ವಾಸಿಯಾಗಲಿ.

ಲೈನಿನಲ್ಲೇ ಇರುವ,
ನಿಮ್ಮ ಸೊಸೆ